ಲೇಸರ್ ಅಂದರೂ ಆಪರೇಷನ್ನೇ

ಕೇಳುಗರೇ, ನಮಸ್ಕಾರ.

ರಾತ್ರಿ ಮೂರ್ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವುದು. ಹೋದರೂ ಧಾರೆ ಶುರುವಾಗಲಿ ಅಂತ ಕಾಯುತ್ತ ನಿಲ್ಲುವುದು. ಮುಗಿಯಿತು ಅಂದುಕೊಂಡ ಮೇಲೂ ತೊಟ್ಟಿಕ್ಕುವುದು. ಎಷ್ಟೋ ಗಂಡಸರು ಇದನ್ನು ಹೆಂಡತಿಯ ಹತ್ತಿರವೂ ಬಾಯಿಬಿಡುವುದಿಲ್ಲ. ವಯಸ್ಸಾದವರಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಪ್ರಾಸ್ಟೇಟ್ ಗ್ರಂಥಿ. ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ಹರೆಯದಲ್ಲಿ ಸುಮಾರು 20 ಗ್ರಾಂ ಇರುವುದು ವಯಸ್ಸಾದಂತೆ ಬೆಳೆದು ನಾಳವನ್ನು ಅಮುಕುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ.

ಮಾತ್ರೆಯಲ್ಲೇ ಎಷ್ಟೋ ಜನ ಸುಧಾರಿಸಿಕೊಳ್ಳುತ್ತಾರೆ. ಮಾತ್ರೆ ಸಾಲದಿದ್ದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ಮೂತ್ರಚೀಲದಲ್ಲಿ ಕಲ್ಲಾದರೆ, ಕಿಡ್ನಿಗೆ ಪೆಟ್ಟು ಬಿದ್ದರೆ ಆಪರೇಷನ್ ಮಾತು ಬರುತ್ತದೆ. ಆಗ ಡಾಕ್ಟರಿಗೆ ಮಾಮೂಲಾಗಿ ಕೇಳಿಬರುವ ಮಾತು: ‘ಆಪರೇಷನ್ ಬೇಡ ಡಾಕ್ಟ್ರೇ, ಲೇಸರ್ ಮಾಡಿಬಿಡಿ.’

ಲೇಸರ್ ಅಂದರೆ ಹೊರಗಿನಿಂದ ಬೆಳಕು ಬಿಟ್ಟು ವಾಸಿಮಾಡುವುದು ಅಂತ ಅವರ ಲೆಕ್ಕ. ಹಾಗೇನಿಲ್ಲ. ಹಳೆಯ ಆಪರೇಷನ್ ಆಗಲಿ ಲೇಸರ್ ಆಗಲಿ, ಎರಡಕ್ಕೂ ಅರಿವಳಿಕೆ ಬೇಕು. ಎರಡೂ ಹೋಗುವುದು ಮೂತ್ರದ ದಾರಿಯಲ್ಲೇ, ಹೊಟ್ಟೆಯ ಮೇಲೆ ಗಾಯ ಎರಡರಲ್ಲೂ ಇಲ್ಲ. ವ್ಯತ್ಯಾಸ ಒಳಗೆ ಹೋದ ಮೇಲೆ.

ಹಳೆಯ ವಿಧಾನಕ್ಕೆ ಟಿಯುಆರ್‌ಪಿ ಅನ್ನುತ್ತಾರೆ. ಕೊಳವೆಯ ತುದಿಯಲ್ಲಿ ತಂತಿಯ ಸಣ್ಣ ಕುಣಿಕೆ. ಅದರಲ್ಲಿ ಕರೆಂಟು ಹಾಯಿಸಿ ಗ್ರಂಥಿಯನ್ನು ಚೂರು ಚೂರಾಗಿ ಹೆರೆಯುತ್ತಾರೆ. ಕಣ್ಣಿಗೆ ಕಾಣಬೇಕಲ್ಲ, ಹಾಗಾಗಿ ದ್ರವ ಹರಿಸುತ್ತಲೇ ಇರಬೇಕು. ಮೊದಲೆಲ್ಲ ಬಳಸುತ್ತಿದ್ದ ಗ್ಲೈಸೀನ್ ದ್ರವ ತೆರೆದ ರಕ್ತನಾಳಗಳ ಮೂಲಕ ಮೈಗೆ ಸೇರಿ, ರಕ್ತದ ಸೋಡಿಯಂ ಇಳಿಸುವ ಭಯವಿತ್ತು. ರೋಗಿಗೆ ವಾಂತಿ, ಗಲಿಬಿಲಿ ಶುರುವಾಗುತ್ತಿತ್ತು. ಅದಕ್ಕೇ ಸರ್ಜನ್‌ಗಳು ಗಡಿಯಾರ ನೋಡಿಕೊಂಡು ಒಂದು ಗಂಟೆಯೊಳಗೆ ಮುಗಿಸಲು ಹೆಣಗುತ್ತಿದ್ದರು. ಈಗ ಬೈಪೋಲಾರ್ ಅನ್ನುವ ಹೊಸ ಬಗೆಯ ಯಂತ್ರದಲ್ಲಿ ಸಲೈನ್, ಅಂದರೆ ಉಪ್ಪು ನೀರೇ ಸಾಕು. ಆ ಭಯ ಹೆಚ್ಚುಕಡಿಮೆ ಹೋಯಿತು. ಹಳೇ ಆಪರೇಷನ್ ಅಂತ ಮೂಗು ಮುರಿಯುವವರಿಗೆ ಈ ವಿಷಯ ಗೊತ್ತಿರುವುದಿಲ್ಲ.

ಲೇಸರ್‌ನಲ್ಲೂ ಒಂದೇ ಬಗೆ ಅಲ್ಲ. ಹಸಿರು ಬೆಳಕಿನ ಲೇಸರ್ ಗ್ರಂಥಿಯನ್ನು ಆವಿಮಾಡಿಬಿಡುತ್ತದೆ. ರಕ್ತ ಹೋಗುವುದು ಕಡಿಮೆ, ಆದರೆ ಕ್ಯಾನ್ಸರ್ ಇದೆಯಾ ಅಂತ ನೋಡಲು ಲ್ಯಾಬ್‌ಗೆ ಕಳಿಸೋಣವೆಂದರೆ ಚೂರೂ ಸಿಗುವುದಿಲ್ಲ. ಹೋಲ್ಮಿಯಂ ಲೇಸರ್‌ನ ಕೆಲಸವೇ ಬೇರೆ. ಕಿತ್ತಳೆಯ ಸಿಪ್ಪೆ ಹಾಗೇ ಉಳಿಸಿ ಒಳಗಿನ ತೊಳೆಗಳನ್ನು ಬಿಡಿಸಿದ ಹಾಗೆ, ಬೆಳೆದ ಭಾಗವನ್ನು ಇಡಿಯಾಗಿ ಬಿಡಿಸಿ ಮೂತ್ರಚೀಲದೊಳಗೆ ತಳ್ಳುತ್ತಾರೆ. ಅಲ್ಲಿ ಪುಡಿಮಾಡಿ ಹೊರಗೆಳೆಯುತ್ತಾರೆ. ಗ್ರಂಥಿ 80 ಗ್ರಾಂ ದಾಟಿದ್ದರೆ ಒಂದು ಕಾಲಕ್ಕೆ ಹೊಟ್ಟೆ ಕೊಯ್ಯುವುದೇ ದಾರಿಯಾಗಿತ್ತು. ಹೋಲ್ಮಿಯಂ ನಿಜವಾಗಿ ಗೆದ್ದಿರುವುದು ಅಲ್ಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಹೃದ್ರೋಗಿಗಳಿಗೂ ಲೇಸರ್ ವಾಸಿ. ಮೂತ್ರ ಹೋಗಲು ಹಾಕಿದ ಕೊಳವೆ, ಅಂದರೆ ಕ್ಯಾಥೆಟರ್ ಕೂಡ ಸಾಮಾನ್ಯವಾಗಿ ಬೇಗ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಆ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಗ್ರಂಥಿ ಮಧ್ಯಮ ಗಾತ್ರದ್ದು, ರಕ್ತ ತೆಳುವಾಗಿಸುವ ಮಾತ್ರೆಯೂ ಇಲ್ಲ ಅಂದರೆ? ಧಾರೆ ಎರಡರಲ್ಲೂ ಚೆನ್ನಾಗಿಯೇ ಬರುತ್ತದೆ. ಆಗ ನಾನು ನೋಡುವುದು ಯಂತ್ರವನ್ನಲ್ಲ, ಕೈಯನ್ನು. ಹೋಲ್ಮಿಯಂ ಕಲಿಯಲು ಕಷ್ಟದ ವಿದ್ಯೆ, ಹತ್ತಾರು ಆಪರೇಷನ್ ಆದ ಮೇಲೇ ಕೈ ಕೂರುವುದು. ಟಿಯುಆರ್‌ಪಿಯಲ್ಲಿ ಪಳಗಿದ ಸರ್ಜನ್ ಇದ್ದು, ಲೇಸರ್‌ಗೆ ಹೊಸಬರೊಬ್ಬರೇ ಸಿಗುವುದಾದರೆ ನಾನಂತೂ ಮೊದಲಿನವರ ಹತ್ತಿರ ಹೋಗುತ್ತೇನೆ. ‘ಇದನ್ನು ಎಷ್ಟು ಮಾಡಿದ್ದೀರಿ’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಮುಜುಗರಕ್ಕೆ ಯಾರೂ ಕೇಳದ ಇನ್ನೊಂದು ವಿಷಯ ಇದೆ. ಟಿಯುಆರ್‌ಪಿ ಆಗಲಿ ಹೋಲ್ಮಿಯಂ ಆಗಲಿ, ಆದ ಮೇಲೆ ಬಹುಪಾಲು ಗಂಡಸರಲ್ಲಿ ವೀರ್ಯ ಹೊರಗೆ ಬರದೆ ಹಿಂದಕ್ಕೆ, ಮೂತ್ರಚೀಲಕ್ಕೆ ಹೋಗುತ್ತದೆ. ನಿಮಿರುವಿಕೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಮಕ್ಕಳು ಬೇಕು ಅನ್ನುವವರು ಆಪರೇಷನ್‌ಗೆ ಮೊದಲೇ ಹೇಳಿಬಿಡಬೇಕು. ಕೆಲವು ವಾರ ಮೂತ್ರ ಮಾಡುವಾಗ ಉರಿ ಇರಬಹುದು. ಹೋಲ್ಮಿಯಂ ಆದವರಲ್ಲಿ ಕೆಲವರಿಗೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದುಂಟು. ಹೆಚ್ಚಿನವರಿಗೆ ಕ್ರಮೇಣ ನಿಲ್ಲುತ್ತದೆ.

ಕಿತ್ತಳೆ ಸಿಪ್ಪೆ ಒಳಗೇ ಉಳಿಯುತ್ತದೆ ಅಂದೆನಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಸಿಪ್ಪೆಯ ಭಾಗದಲ್ಲೇ. ‘ನನ್ನ ಪ್ರಾಸ್ಟೇಟ್ ತೆಗೆದಾಯ್ತು, ಇನ್ನೇನು ಪರೀಕ್ಷೆ’ ಅಂತ ಸುಮ್ನೆ ಕೂರುವ ಹಾಗಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಹುಡುಕುವ ಪಿಎಸ್‌ಎ ರಕ್ತ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಬೇಕು ಅನ್ನುವುದನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ನಮಸ್ಕಾರ.