ತೂಕ ಇಳಿಸುವ ಆಪರೇಷನ್: ಕಲಿಯುವ ಡಾಕ್ಟರು ಕೈ ಹಾಕಿದರೆ ಭಯವೇ?

ಎಲ್ಲರಿಗೂ ನಮಸ್ಕಾರ.

"ಆಪರೇಷನ್ ಮಾಡುವುದು ದೊಡ್ಡ ಡಾಕ್ಟರೇ ಅಲ್ವಾ? ಕಲಿಯುವವರು ಅಲ್ಲ ತಾನೇ?" ಮಂಗಳೂರಿನ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಕೇಳದ ಮನೆಯವರೇ ಇಲ್ಲ. ಊರ ತುಂಬ ಮೆಡಿಕಲ್ ಕಾಲೇಜುಗಳಿವೆ. 1848ರ ನಮ್ಮ ವೆನ್ಲಾಕ್ ಆಸ್ಪತ್ರೆಯಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮಕ್ಕಳು 1950ರ ದಶಕದಿಂದ ಕಲಿಯುತ್ತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಹೊಲಿಗೆ ಬಿದ್ದಿದ್ದರೆ, ಅದು ಪಿ.ಜಿ. ಡಾಕ್ಟರ, ಅಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಕಲಿಯುತ್ತಿರುವವರ, ಕೈಯದ್ದೇ ಇರಬಹುದು.

ನಾನು ಅರಿವಳಿಕೆ ಡಾಕ್ಟರು. ರೋಗಿಯ ತಲೆಯ ಹತ್ತಿರ ನಿಲ್ಲುವವಳು. ಅಲ್ಲಿಂದ ಯಾರ ಕೈ ಎಲ್ಲಿದೆ ಎಂದು ಚೆನ್ನಾಗಿ ಕಾಣುತ್ತದೆ.

ತೂಕ ಇಳಿಸಲು ಈಗ ಜಾಸ್ತಿ ಮಾಡುವುದು ಸ್ಲೀವ್ ಆಪರೇಷನ್. ಜಠರದ ಮುಕ್ಕಾಲು ಭಾಗ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು, ಕತ್ತರಿಸಿ ತೆಗೆಯುತ್ತಾರೆ. ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ, ಟಿವಿ ನೋಡಿಕೊಂಡು ಮಾಡುವ ಕೆಲಸ. ಕ್ಯಾಮೆರಾ ಹಿಡಿಯುವವರು ಸಾಮಾನ್ಯವಾಗಿ ಜೂನಿಯರ್ ಪಿ.ಜಿ. ಜಠರವನ್ನು ಎಳೆದು ಹಿಡಿಯುವವರು ಸ್ವಲ್ಪ ಪಳಗಿದವರು. ಜಠರವನ್ನು ಕತ್ತರಿಸುತ್ತಲೇ ಪಿನ್ನು ಹೊಡೆದು ಮುಚ್ಚುವ ಸ್ಟೇಪ್ಲರ್ ಮಾತ್ರ ದೊಡ್ಡ ಡಾಕ್ಟರ ಕೈಯಲ್ಲಿ. ಕ್ಯಾಮೆರಾ ಹಿಡಿಯುವುದು ಸುಮ್ನೆ ನಿಲ್ಲುವ ಕೆಲಸ ಅಂದುಕೊಳ್ಳಬೇಡಿ. ಅವರ ಕೈ ನಡುಗಿದರೆ ಎಲ್ಲರ ಕಣ್ಣೂ ನಡುಗುತ್ತದೆ.

ನನ್ನ ಬದಿಯಲ್ಲೂ ಒಬ್ಬ ಪಿ.ಜಿ. ಇರುತ್ತಾಳೆ. ಬಾಯಿಯಿಂದ ಜಠರಕ್ಕೆ ಸುಮಾರು 12 ಮಿಲಿಮೀಟರ್ ದಪ್ಪದ ಕೊಳವೆ ಇಳಿಸುವುದು ಅವಳ ಕೆಲಸ. ಅದಕ್ಕೆ ಬೂಜಿ ಅನ್ನುತ್ತೇವೆ. ಜಠರ ಎಷ್ಟು ಉಳಿಯಬೇಕು ಎಂಬುದಕ್ಕೆ ಅದೇ ಅಳತೆ. ಅದರ ಪಕ್ಕದಲ್ಲೇ ಸ್ಟೇಪ್ಲರ್ ಹೋಗುತ್ತದೆ. ಆದರೆ ಅದಕ್ಕೂ ಮೊದಲು ಮೂಗಿನಿಂದಲೋ ಬಾಯಿಂದಲೋ ಹಾಕಿದ ಬೇರೆ ಟ್ಯೂಬ್ ಒಳಗೇ ಉಳಿದಿದ್ದರೆ? ಜಠರದ ಜೊತೆ ಅದೂ ಸ್ಟೇಪಲ್ ಆಗಿಬಿಡುತ್ತದೆ. ಬೇರೆ ಬೇರೆ ದೇಶಗಳಲ್ಲಿ ಹೀಗೆ ಆಗಿದೆ. ಹಾಗಾಗಿ ಸರ್ಜನ್ "ಟ್ಯೂಬ್ ತೆಗೆದಿದ್ದೀರಾ?" ಅಂದಾಗ ನಮ್ಮ ಹುಡುಗಿ ಬರೀ "ಹೌದು ಸರ್" ಅಂದರೆ ನಾನು ಒಪ್ಪುವುದಿಲ್ಲ. ಟ್ಯೂಬನ್ನು ಟ್ರೇಯಲ್ಲಿಟ್ಟು ತೋರಿಸಬೇಕು. ಮೇಲಿನವರು ಕೇಳಿದರೆ ನೋಡದೆಯೇ ಹೌದು ಅನ್ನುವ ಅಭ್ಯಾಸ ನಮ್ಮ ಮಕ್ಕಳಿಗೆ ಶಾಲೆಯಿಂದಲೇ ಬಂದಿರುತ್ತದೆ, ಏನು ಮಾಡುವುದು!

ಪಿ.ಜಿ. ಇದ್ದರೆ ಅಪಾಯ ಜಾಸ್ತಿಯಾಗುತ್ತದಾ? ಮುಚ್ಚಿಡುವುದಿಲ್ಲ, ಆಪರೇಷನ್ ಸ್ವಲ್ಪ ಉದ್ದವಾಗುತ್ತದೆ. ದಪ್ಪ ಇರುವವರು ಹೆಚ್ಚು ಹೊತ್ತು ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಉಂಟು. ಅದಕ್ಕೇ ಕಾಲಿಗೆ ಪಟ್ಟಿ, ಹೆಪಾರಿನ್ ಇಂಜೆಕ್ಷನ್, ಸಂಜೆಯೇ ಎಬ್ಬಿಸಿ ನಡೆಸುವುದು. ಗಡಿಯಾರ ನೋಡಿ, "ಸಾಕು, ಇನ್ನು ನಾನು ಮಾಡುತ್ತೇನೆ" ಎಂದು ಕೆಲಸ ಕೈಗೆ ತೆಗೆದುಕೊಳ್ಳುವ ದೊಡ್ಡ ಡಾಕ್ಟರು ಪಕ್ಕದಲ್ಲೇ ಇರಬೇಕು. ಪಕ್ಕದಲ್ಲಿ ಅಂದರೆ ಓಟಿಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ. ಓಪಿಡಿಯಲ್ಲಲ್ಲ.

ಹಾಗಂತ ದೊಡ್ಡವರೆಲ್ಲ ಒಂದೇ ಅಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ತೂಕ ಇಳಿಸುವ ಇನ್ನೊಂದು ಆಪರೇಷನ್, ಗ್ಯಾಸ್ಟ್ರಿಕ್ ಬೈಪಾಸ್, ಮಾಡುವ 20 ಸರ್ಜನ್‌ಗಳ ವಿಡಿಯೋ ನೋಡಿ, ಬೇರೆ ಸರ್ಜನ್‌ಗಳು ಮಾರ್ಕ್ ಕೊಟ್ಟರು. 2013ರಲ್ಲಿ ಪ್ರಕಟವಾದ ಅಧ್ಯಯನ. ಕೈಚಳಕದಲ್ಲಿ ಕೆಳಗಿದ್ದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಂದರೆಯಾಯಿತು, ಮೇಲಿದ್ದವರ ರೋಗಿಗಳಲ್ಲಿ 5.2 ಮಂದಿಗೆ. ಇವರೆಲ್ಲ ಓದು ಮುಗಿಸಿದ ಸರ್ಜನ್‌ಗಳೇ. ಇವತ್ತು ಸರಿಯಾಗಿ ಕಲಿಸದಿದ್ದರೆ ನಾಳೆ ಅದರ ಬೆಲೆ ತೆರುವವರೂ ರೋಗಿಗಳೇ.

ಆದರೆ ನನಗೆ ಓಟಿಗಿಂತ ಹೆಚ್ಚು ಚಿಂತೆ ವಾರ್ಡಿನದ್ದು. ಸ್ಟೇಪಲ್ ಹಾಕಿದ ಗೆರೆಯಲ್ಲಿ ಸೋರಿಕೆಯಾಗುವುದು ಅಪರೂಪ, ನೂರಕ್ಕೆ ಒಬ್ಬಿಬ್ಬರಿಗೆ. ಆದರೆ ತಡವಾಗಿ ಗೊತ್ತಾದರೆ ಜೀವಕ್ಕೇ ಕುತ್ತು. ದಪ್ಪ ಹೊಟ್ಟೆಯನ್ನು ಒತ್ತಿ ನೋಡಿದರೆ ಒಳಗಿನ ಕಥೆ ಗೊತ್ತಾಗುವುದಿಲ್ಲ. ಮೊದಲು ಹೇಳುವುದು ನಾಡಿ. ನಿಮಿಷಕ್ಕೆ 120 ದಾಟಿ ಇಳಿಯದೇ ಇದ್ದರೆ, ಬೇರೆ ಕಾರಣ ಸಿಗುವವರೆಗೆ ಸೋರಿಕೆ ಅಂತಲೇ ತಿಳಿಯಬೇಕು. ಆ ನಾಡಿ ನೋಡುವವರು ಯಾರು? ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ಪಿ.ಜಿ. ಉತ್ತರ ಭಾರತದಿಂದ ಬಂದ ಹುಡುಗ. ಅಜ್ಜಿ ತುಳುವಿನಲ್ಲಿ "ಬಂಜಿ ಬೇನೆ" (ಹೊಟ್ಟೆ ನೋವು) ಅಂದರೆ ನರ್ಸ್ ಮುಖ ನೋಡುತ್ತಾನೆ. ಬೆಳಗ್ಗೆಯಿಂದ ಕೂತಿಲ್ಲ. ಕಲಿಯುವ ಡಾಕ್ಟರ ಕೆಲಸಕ್ಕೆಂದೇ ಇರುವ 1992ರ ಕೇಂದ್ರದ ರೆಸಿಡೆನ್ಸಿ ಯೋಜನೆಯ ಪ್ರಕಾರ ಒಂದೇ ಸಮನೆ 12 ಗಂಟೆ ಮೀರಿ ಡ್ಯೂಟಿ ಇರಬಾರದು. ಕಾಗದದಲ್ಲಿ ಇದೆ, ಅಷ್ಟೇ. ಅವನ ತಲೆಯಲ್ಲಿ ಓಡುವುದು ಒಂದೇ ಮಾತು: ಈಗ ಸರ್‌ಗೆ ಫೋನ್ ಮಾಡಿದರೆ ಬೈತಾರಾ?

ಒಮ್ಮೆ ಬೈಸಿಕೊಂಡವನು ಎರಡನೇ ಸಲ ನೋವಿನ ಇಂಜೆಕ್ಷನ್ ಬರೆದು ಬೆಳಗಿನವರೆಗೆ ಕಾಯುತ್ತಾನೆ. ಆ ನಾಲ್ಕೈದು ಗಂಟೆಯೇ ಅಪಾಯ. ನಾಡಿ 120 ಆದರೆ ಫೋನ್ ಮಾಡಲೇಬೇಕು ಎಂದು ಕೇಸ್ ಶೀಟಿನಲ್ಲೇ ಬರೆದಿಟ್ಟರೆ ಹುಡುಗನಿಗೆ ಧೈರ್ಯ ಬೇಕಾಗಿಲ್ಲ. ನರ್ಸ್ ಕೂಡ ಮಾಡಬಹುದು. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಈಗ ನಿಮ್ಮ ಪಾಲಿನ ಕೆಲಸ. ನಿಜವಾಗಿ ತಿಳಿಸಿ ಪಡೆಯದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಸಹಿ ಹಾಕುವ ಮೊದಲು ಕೇಳಿ: ಸ್ಟೇಪ್ಲರ್ ಯಾರ ಕೈಯಲ್ಲಿ ಇರುತ್ತದೆ, ಪಿ.ಜಿ. ಏನು ಮಾಡುತ್ತಾರೆ, ರಾತ್ರಿ ಯಾರು ಬರುತ್ತಾರೆ. ಮನೆಗೆ ಹೋದ ಮೇಲೂ ಸೋರಿಕೆ ಆಗಬಹುದು, ಹಾಗಾಗಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದೂ ಬರೆಸಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರಾದರೆ ಬೇರೆ ಕಡೆ ನೋಡಿ. ಇದು ಎಮರ್ಜೆನ್ಸಿ ಆಪರೇಷನ್ ಅಲ್ಲ, ಒಂದು ತಿಂಗಳು ತಡವಾದರೂ ನಡೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನವರು ಸ್ವಲ್ಪ ಜೋರಾಗಿ ಕೇಳಿ, ಫ್ಯಾನ್ ಸದ್ದು ಜಾಸ್ತಿ ಇದೆ.