ನೀರುಕಾಗೆಯ ಮೊಟ್ಟೆಗೆ ಸೇರುವ ಎಣ್ಣೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಕುಂದವಾಡ ಕೆರೆಯ ಏರಿಗೆ ಬೆಳಿಗ್ಗೆ ನಡೆಯಲು ಬರುವವರಿಗೆ ನೀರುಕಾಗೆ ಹೊಸದಲ್ಲ. ಮುಳುಗಿ ಮೀನು ಹಿಡಿದು, ಕಲ್ಲಿನ ಮೇಲೆ ಕುಳಿತು ರೆಕ್ಕೆ ಹರವಿ ಒಣಗಿಸಿಕೊಳ್ಳುವ ಕಪ್ಪು ಹಕ್ಕಿ ಅದು. ಅದನ್ನು ಕಂಡಾಗಲೆಲ್ಲ ನನಗೆ ಸ್ವೀಡನ್ನಿನ ಒಂದು ಹದ್ದು ನೆನಪಾಗುತ್ತದೆ.

1960ರ ದಶಕದಲ್ಲಿ ಅಲ್ಲಿನ ರಸಾಯನ ವಿಜ್ಞಾನಿ ಸೋರೆನ್ ಯೆನ್ಸೆನ್ ಪ್ರಾಣಿಗಳ ದೇಹದಲ್ಲಿ ಡಿಡಿಟಿ ಎಂಬ ಕೀಟನಾಶಕವನ್ನು ಹುಡುಕುತ್ತಿದ್ದರು. ಬಿಳಿಬಾಲದ ಹದ್ದಿನಲ್ಲಿ ಗುರುತು ಸಿಗದ ಇನ್ನೇನೋ ಕಂಡಿತು. ಡಿಡಿಟಿ ಬಳಕೆಗೆ ಬರುವ ಮುಂಚಿನ ಗರಿಗಳಲ್ಲೂ ಅದಿತ್ತು. 1966ರಲ್ಲಿ ಅದರ ಹೆಸರು ಹೊರಬಿತ್ತು: ಪಿಸಿಬಿ. 1929ರಿಂದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ, ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳಿಗೆ ತುಂಬುತ್ತಿದ್ದ ಎಣ್ಣೆಯಂಥ ರಾಸಾಯನಿಕ. ಯೆನ್ಸೆನ್ ಅದನ್ನು ತಮ್ಮ ಮನೆಯವರ ತಲೆಗೂದಲಲ್ಲೂ ಕಂಡರು.

ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಕೆಡುವುದಿಲ್ಲ ಎಂದೇ ಅದನ್ನು ಮೆಚ್ಚಿದ್ದರು. ಕೆಡದ ಆ ಗುಣವೇ ಹಕ್ಕಿಗಳಿಗೆ ಮುಳುವಾಯಿತು. ಪಿಸಿಬಿ ನೀರಿನಲ್ಲಿ ಕರಗುವುದು ತೀರ ಕಡಿಮೆ. ಕೊಬ್ಬಿನಲ್ಲಿ ಕರಗಿ ನಿಲ್ಲುತ್ತದೆ. ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ದಾಟುವಾಗ ಪ್ರತಿ ಹೆಜ್ಜೆಗೂ ಅದರ ಪ್ರಮಾಣ ಹೆಚ್ಚುತ್ತದೆ. ದೂರದಿಂದ ಹಾರಿ ಬರುವ ಹಕ್ಕಿ ದಾರಿಯಲ್ಲಿ ಕೊಬ್ಬನ್ನು ಕರಗಿಸಿದಾಗ ಅದು ರಕ್ತಕ್ಕಿಳಿಯುತ್ತದೆ. ತಾಯಿಹಕ್ಕಿ ಮೊಟ್ಟೆಯ ಹಳದಿಗೆ ತನ್ನ ಕೊಬ್ಬನ್ನು ಕೊಡುವಾಗ ಇದನ್ನೂ ಕೊಡುತ್ತದೆ. ನನ್ನನ್ನು ಹೆಚ್ಚು ಕಲಕುವುದು ಈ ಮಾತೇ. ಪಿಸಿಬಿ ಸೇರಿದ್ದ ಅಮೆರಿಕದ ಗ್ರೀನ್ ಬೇ ಕೊಲ್ಲಿಯಲ್ಲಿ 1980ರ ದಶಕದಲ್ಲಿ ಮೇಲಿನ ಕೊಕ್ಕು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ತಿರುಚಿಕೊಂಡ ನೀರುಕಾಗೆ ಮರಿಗಳು ಸಿಕ್ಕವು. ಅಂಥ ಕೊಕ್ಕಿನಲ್ಲಿ ಮೀನು ಹಿಡಿಯುವುದು ಹೇಗೆ?

ಪಿಸಿಬಿಯನ್ನು ತೊಲಗಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲಿ ಅನುಮೋದಿಸಿತು. 2016ರ ಕೇಂದ್ರ ಸರ್ಕಾರದ ಆದೇಶ ಅದರ ಬಳಕೆಯನ್ನು ಪೂರ್ತಿ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಆದರೆ ಕಾಗದದ ಮೇಲಿನ ಗಡುವು ಗುಜರಿ ಅಂಗಡಿಯ ಹಿತ್ತಲಿನವರೆಗೆ ತಾನಾಗಿ ನಡೆದು ಹೋಗುವುದಿಲ್ಲ.

ನಮ್ಮ ಟ್ರಾನ್ಸ್‌ಫಾರ್ಮರ್‌ಗಳಲ್ಲಿ, ಪಂಪ್‌ಸೆಟ್ಟಿನ ಆಯಿಲ್ ಸ್ಟಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಖನಿಜ ತೈಲ, ಪಿಸಿಬಿ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಹಳೆಯ ಯಂತ್ರದಿಂದ ಬಸಿದ ಎಣ್ಣೆಯಲ್ಲಿ ಅದು ಬೆರೆತಿದ್ದರೆ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಆದ್ದರಿಂದ ಅಂಥ ಎಣ್ಣೆಯನ್ನು ಕೀಲುನೋವಿಗೆ ಹಚ್ಚಬೇಡಿ, ಹುಲ್ಲು ಸಾಯಲೆಂದು ಬದುವಿಗೆ ಸುರಿಯಬೇಡಿ, ನಾಲೆಯಲ್ಲಿ ಡಬ್ಬಿ ತೊಳೆಯಬೇಡಿ. ಕುಂದವಾಡ ಕೆರೆ ತುಂಬುವುದು ಭದ್ರಾ ನಾಲೆಯ ನೀರಿನಿಂದ. ಆ ನೀರನ್ನು ನಗರ ಕುಡಿಯುತ್ತದೆ, ನೀರುಕಾಗೆಯ ಮೀನು ಬೆಳೆಯುವುದೂ ಅದರಲ್ಲೇ.

ನಮಸ್ಕಾರ.