ಅಲುಗಾಡದ ಗಾಂಧಾರ

ಕೇಳುಗರಿಗೆ ನಮಸ್ಕಾರ.

ನನ್ನದು ಪಿಟೀಲು. ನಾನು ಇವತ್ತು ಹೇಳಹೊರಟ ಮಕ್ಕಳದ್ದು ವಯಲಿನ್. ವಾದ್ಯ ಒಂದೇ, ನೋಡಿ. ನಾನು ನೆಲದಲ್ಲಿ ಚಕ್ಕಳಮಕ್ಕಳ ಕೂತು, ಅದರ ತಲೆಯನ್ನು ಪಾದದ ಮೇಲೆ ಊರಿ ನುಡಿಸುವವನು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಗಲ್ಲದ ಕೆಳಗೆ ಸಿಕ್ಕಿಸಿಕೊಳ್ಳುವವರು.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆ ಹತ್ತಿರದ ಇಗರ್ಜಿಯ ಫಾದರ್ ಗೇಟಿನ ಬಳಿ ನಿಂತು ಕರೆದರು. "ಮಾಷ್ಟ್ರೇ, ಹತ್ತು ದಿನದ ಶಿಬಿರ ಉಂಟು. ಹನ್ನೆರಡು ಮಕ್ಕಳು, ಬರೀ ತಂತಿವಾದ್ಯ. ಕಲಿಸ್ಲಿಕ್ಕೆ ಟೀಚರ್ ಇದ್ದಾರೆ. ನೀವು ಸುಮ್ನೆ ಬಂದು ಕೂತುಕೊಳ್ಳಿ, ಬಿರಡೆ ತಿರುಗಿಸ್ಲಿಕ್ಕೆ ಒಬ್ರು ಬೇಕು."

ಹಾಗಾಗಿ ನಾನು ಹೋದದ್ದು ಬಿರಡೆ ತಿರುಗಿಸಲು, ಅಂದರೆ ತಂತಿಗಳ ಶ್ರುತಿ ಕೂಡಿಸಲು. ಅದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಮಂಗಳೂರಿನ ಮೇ ತಿಂಗಳ ಸೆಕೆ ನಿಮಗೆ ಗೊತ್ತಲ್ಲ. ನಮ್ಮ ಅಂಗಿ ಒದ್ದೆಯಾಗುವ ಹಾಗೆ ವಾದ್ಯಕ್ಕೂ ಆಗುತ್ತದೆ. ಮರ ತೇವ ಹೀರಿ ಉಬ್ಬುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ. ಕಮಾನಿನ ಕುದುರೆ ಕೂದಲು ಉದ್ದವಾಗಿ ಜೋತು ಬೀಳುತ್ತದೆ. ಬಿಗಿ ಮಾಡಿ ಹಾಗೇ ಎಸಿ ಕೋಣೆಗೆ ಒಯ್ದರೆ ಅಲ್ಲಿನ ಒಣ ಗಾಳಿಗೆ ಕೂದಲು ಎಳೆದುಕೊಂಡು ಕಮಾನಿನ ಕೋಲೇ ಡೊಂಕಾಗಬಹುದು. ನಮ್ಮ ಹಾಲಿನಲ್ಲಿ ಎಸಿ ಇರಲಿಲ್ಲ, ದೇವರು ದೊಡ್ಡವನು. ಫ್ಯಾನ್ ಇತ್ತು. ಫ್ಯಾನ್ ಹಾಕಿದರೆ ಸ್ವರದ ಕಾಗದಗಳು ಹಾರುತ್ತಿದ್ದವು. ಎರಡನೇ ದಿನ ಒಬ್ಬ ತಾಯಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳ ಒಂದು ಡಬ್ಬಿಯನ್ನೇ ತಂದುಕೊಟ್ಟರು. ಕೆಂಪು, ಹಸಿರು, ನೀಲಿ ಕ್ಲಿಪ್ಪು. ಆ ಶಿಬಿರಕ್ಕೆ ಬಂದ ದಾನಗಳಲ್ಲಿ ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಹನ್ನೆರಡು ಮಕ್ಕಳು, ನಾಲ್ವರದ್ದು ಒಂದೊಂದು ಗುಂಪು. ಇಬ್ಬರು ವಯಲಿನ್, ಒಬ್ಬರು ವಯೊಲಾ, ಅದು ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು. ಒಬ್ಬರು ಚೆಲ್ಲೋ, ಅದು ಇನ್ನೂ ದೊಡ್ಡದು, ಇನ್ನೂ ತಗ್ಗು. ಇದಕ್ಕೆ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ, ಅಂದರೆ ಕೋಣೆಯೊಳಗಿನ ಸಂಗೀತ. ದೊಡ್ಡ ಆರ್ಕೆಸ್ಟ್ರಾದಲ್ಲಿ ಒಂದೇ ಸಾಲನ್ನು ಹತ್ತು ಜನ ನುಡಿಸುತ್ತಾರೆ. ಒಬ್ಬ ತಪ್ಪಿದರೆ ಒಂಬತ್ತು ಜನ ಮುಚ್ಚಿಬಿಡುತ್ತಾರೆ. ಇಲ್ಲಿ ಒಂದು ಪಾಲಿಗೆ ಒಬ್ಬರೇ. ಕೋಲು ಬೀಸುವ ಕಂಡಕ್ಟರ್ ಕೂಡ ಇಲ್ಲ. ಹಾಗಾದರೆ ಒಟ್ಟಿಗೆ ಶುರು ಮಾಡುವುದು ಹೇಗೆ? ಉಸಿರಿನಿಂದ. ಮೊದಲ ವಯಲಿನ್‌ನವಳು ಮೂಗಿನಿಂದ ಒಮ್ಮೆ ಸದ್ದಾಗುವಂತೆ ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಎಷ್ಟು ಉದ್ದವೋ ಹಾಡಿನ ನಡೆಯೂ ಅಷ್ಟೇ. ಉಳಿದ ಮೂವರು ಅದನ್ನು ಕೇಳಿ ಕಮಾನು ಇಡುತ್ತಾರೆ. ಮೊದಲ ದಿನ ಎಲ್ಲರಿಗೂ ನಗು. "ಶೀತ ಆಗಿದ್ಯಾ ನಿಂಗೆ?" ಅಂತ ಚೆಲ್ಲೋ ಹುಡುಗ ಕೇಳಿಯೇಬಿಟ್ಟ.

ಬೆಳಿಗ್ಗೆ ಪ್ರಾರ್ಥನೆ. ಆಮೇಲೆ ಪೂಜೆಯಲ್ಲಿ ಹಾಡುವ ಒಂದು ಕೊಂಕಣಿ ಭಕ್ತಿಗೀತೆ, ಆದರೆ ಬಾಯಲ್ಲಲ್ಲ, ತಂತಿಯಲ್ಲಿ. ಇದು ದೇವರಿಗೆ ಅಂತ ಮಾಡುವುದು, ಸರಿ. ಜೊತೆಗೆ ಎಂಥ ಒಳ್ಳೆಯ ಪಾಠ ಅಂತ ನನಗೆ ಮೂರನೇ ದಿನ ತಿಳಿಯಿತು. ಇಲ್ಲಿನ ಕ್ವಾಯರ್‌ಗಳಲ್ಲಿ ಸೊಪ್ರಾನೋ, ಆಲ್ಟೋ, ಟೆನರ್, ಬಾಸ್ ಅಂತ ನಾಲ್ಕು ದನಿಗಳಲ್ಲಿ ಹಾಡುವ ರೂಢಿ ಇದೆ. ಆ ನಾಲ್ಕು ದನಿ ಈ ನಾಲ್ಕು ವಾದ್ಯಕ್ಕೆ ಹಾಗೇ ಕೂರುತ್ತದೆ. ಬೆರಳಿಗೆ ಕಷ್ಟವಿಲ್ಲ. ಉದ್ದ ಉದ್ದ ಸ್ವರಗಳು. ಬೆರಳಿಗೆ ಕೆಲಸ ಕಡಿಮೆಯಾದರೆ ಕಿವಿಗೆ ಬಿಡುವು ಸಿಗುತ್ತದೆ ಅಲ್ವಾ?

ನಾಲ್ಕನೇ ದಿನ ಎರಡನೇ ವಯಲಿನ್ ನುಡಿಸುವ ಹುಡುಗ ಜ್ವರ ಅಂತ ಬರಲಿಲ್ಲ. ಟೀಚರ್ ನನ್ನ ಕಡೆ ನೋಡಿದರು. ಬಿರಡೆಯವನಿಗೆ ಬಡ್ತಿ! ನಾನು ನೆಲದಲ್ಲೇ ಕೂತು ಶುರು ಮಾಡಿದೆ. ಎರಡು ಸಾಲು ಆಗುವಷ್ಟರಲ್ಲಿ ವಯೊಲಾ ಹುಡುಗಿ ಕಮಾನು ಕೆಳಗಿಟ್ಟಳು. ಹನ್ನೊಂದು ವರ್ಷ ಇರಬೇಕು. "ಮಾಷ್ಟ್ರೇ, ನೀವು ಸ್ವರ ಅಲುಗಾಡಿಸಿದ್ರೆ ನಮ್ದು ಕೂಡುವುದಿಲ್ಲ" ಎಂದಳು.

ನೋಡಿ, ನಲವತ್ತು ವರ್ಷದ ಅಭ್ಯಾಸ. ಗಾಂಧಾರ, ಅಂದರೆ ಸರಿಗಮದ 'ಗ' ಕಂಡರೆ ನನ್ನ ಬೆರಳು ತಾನಾಗಿ ಗಮಕಕ್ಕೆ, ಆ ಅಲುಗಾಟಕ್ಕೆ ಹೋಗುತ್ತದೆ. ನಮ್ಮಲ್ಲಿ ಅದೇ ಜೀವ. ಆದರೆ ಅವರ ಸಂಗೀತದಲ್ಲಿ ನನ್ನ ಗಾಂಧಾರದ ಮೇಲೆ ಇನ್ನೊಬ್ಬಳು ಪಂಚಮ, ಅಂದರೆ 'ಪ' ಇಡಬೇಕು, ಕೆಳಗೆ ಚೆಲ್ಲೋ ಷಡ್ಜ, ಅಂದರೆ 'ಸ' ಹಿಡಿದಿರುತ್ತದೆ. ಅಡಿಪಾಯದ ಕಲ್ಲು ಕುಣಿದರೆ ಗೋಡೆ ಏಳುತ್ತದಾ? ಒಂದು ಸ್ವರವನ್ನು ಅಲುಗಾಡಿಸದೆ ಎಂಟು ಎಣಿಕೆ ಹಿಡಿಯಲು ನನಗೆ ಆ ಇಡೀ ಬೆಳಿಗ್ಗೆ ಬೇಕಾಯಿತು.

ಸಾಲ ತೀರಿಸುವ ಅವಕಾಶ ಮಧ್ಯಾಹ್ನ ಸಿಕ್ಕಿತು. ಗಂಜಿ, ಉಪ್ಪಿನಕಾಯಿ ಊಟ ಮುಗಿಸಿ ಬಂದರೆ ಇನ್ನೊಂದು ಗುಂಪಿನಲ್ಲಿ ಅದೇ ಗಾಂಧಾರ ಕರಕರ ಅನ್ನುತ್ತಿತ್ತು. ಮಕ್ಕಳ ತಪ್ಪಲ್ಲ. ಮನೆಯಲ್ಲಿ ಕೀಬೋರ್ಡಿನ ಜೊತೆ ಕಲಿತವರು. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ದವರೆಗಿನ ದೂರವನ್ನು, 12 ಸಮ ಪಾಲು ಮಾಡಿಟ್ಟಿರುತ್ತಾರೆ. ಅನುಕೂಲಕ್ಕೆ ಮಾಡಿದ ಪಾಲು ಅದು. ಅಲ್ಲಿನ ಗಾಂಧಾರ ಸಹಜ ಗಾಂಧಾರಕ್ಕಿಂತ ಒಂದು ಕೂದಲು ಮೇಲೆ. ಲೆಕ್ಕ ಬೇಕಾದರೆ, ಪಕ್ಕಪಕ್ಕದ ಎರಡು ಸ್ವರಮನೆಗಳ ನಡುವಿನ ದೂರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು. ನಾನು ಮನೆಗೆ ಓಡಿ ತಂಬೂರಿ ತಂದೆ. ಮಂದ್ರ ಷಡ್ಜ ಒಂದನ್ನೇ ಮೀಟಿ, "ಸುಮ್ನೆ ಕೇಳಿ, ಇದರೊಳಗೆ ಇನ್ನೊಂದು ಸ್ವರ ಉಂಟು" ಅಂದೆ. ಹನ್ನೊಂದು ತಲೆಗಳು ತಂಬೂರಿಯ ಬುರುಡೆಗೆ ಬಾಗಿದವು. ಮೊದಲು ಕೇಳಿಸಿದ್ದು ವಯೊಲಾ ಹುಡುಗಿಗೇ. ಯಾರೂ ಮೀಟದ ಗಾಂಧಾರ ತಾನಾಗಿ ಎದ್ದು ಬರುತ್ತದೆ, ನಮ್ಮವರು ಅದನ್ನು ಸ್ವಯಂಭೂ ಎನ್ನುತ್ತಾರೆ. ಫಾದರ್ ಕೂಡ ಬಾಗಿ ಕೇಳಿದರು. ಏನೂ ಹೇಳಲಿಲ್ಲ.

ಆ ಹುಡುಗಿಯ ವಿಷಯ ಸ್ವಲ್ಪ ಹೇಳಬೇಕು. ಅವಳು ಬಂದದ್ದು ಮೊದಲ ವಯಲಿನ್ ನುಡಿಸಲು. ವಯೊಲಾಕ್ಕೆ ಯಾರೂ ಇರಲಿಲ್ಲ, ಮಕ್ಕಳ ಅಳತೆಯ ವಯೊಲಾವೂ ಇರಲಿಲ್ಲ. ಅವಳ ವಯಲಿನ್‌ಗೇ ವಯೊಲಾ ತಂತಿ ಕಟ್ಟಿಕೊಟ್ಟೆವು. ಮೇಲಿನ ಇ ತಂತಿ ಹೋಯಿತು, ಕೆಳಗೆ ಸಿ ತಂತಿ ಬಂತು. ಹಾಡಿನ ರಾಗ ಅವಳ ಪಾಲಿಗೆ ಬರುವುದೇ ಇಲ್ಲ. ಮಧ್ಯದಲ್ಲಿ ತುಂಬುವ ಸ್ವರಗಳು ಮಾತ್ರ. ಮೊದಲ ದಿನ ಮುಖ ಊದಿಸಿಕೊಂಡಿದ್ದಳು. ಅವಳ ಅಮ್ಮನೂ ಬಂದು ಕೇಳಿದರು, "ಇದಕ್ಕೆ ಗ್ರೇಡ್ ಪರೀಕ್ಷೆಯಲ್ಲಿ ಏನಾದ್ರೂ ಸಿಗ್ತದಾ?" ಗ್ರೇಡ್ ಪರೀಕ್ಷೆ ಬೇಡವೆನ್ನುವವನಲ್ಲ ನಾನು. ಆದರೆ ವರ್ಷವಿಡೀ ಒಬ್ಬರೇ ಕೋಣೆಯಲ್ಲಿ ಮೂರು ತುಣುಕು ತಿಕ್ಕಿ ತಿಕ್ಕಿ, ಪಕ್ಕದವರ ಶ್ರುತಿಯೇ ಕೇಳದ ಮಕ್ಕಳು ಜಾಸ್ತಿಯಾಗಿದ್ದಾರೆ. ನಮ್ಮ ಕಡೆಯೂ ಅಷ್ಟೇ ಬಿಡಿ. ವರ್ಣ ಮುಗಿಯಿತಾ, ಕೀರ್ತನೆ ಎಷ್ಟಾಯಿತು, ಇದೇ ಲೆಕ್ಕ.

ಕೊನೆಯ ಸಂಜೆಗೆ ಟೀಚರ್ ಆರಿಸಿದ್ದು ಹೇಡನ್ ಎಂಬ ಆಸ್ಟ್ರಿಯಾದ ಸಂಗೀತಕಾರನದು. ಸ್ಪೇನ್ ದೇಶದ ಕಾಡಿಜ್ ಎಂಬ ಕಡಲ ತಡಿಯ ಊರಿನವರು ಗುಡ್ ಫ್ರೈಡೇಗೆ ಅಂತ ಸಂಗೀತ ಬರೆದುಕೊಡಲು ಅವನನ್ನು ಕೇಳಿದ್ದರು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೆ ಏಳು ನಿಧಾನದ ತುಣುಕು. ಅಲ್ಲಿ ಇಗರ್ಜಿಯ ಗೋಡೆ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ ಒಂದೇ ದೀಪ ಹಚ್ಚುತ್ತಿದ್ದರಂತೆ. ಬಿಷಪರು ಒಂದು ಮಾತು ವಿವರಿಸಿ, ಇಳಿದು ಬಂದು ಮೊಣಕಾಲೂರಿದಾಗ ಸಂಗೀತ. 1787ರಲ್ಲಿ ಹೇಡನ್ ಅದನ್ನೇ ನಾಲ್ಕು ತಂತಿವಾದ್ಯಗಳಿಗೆ ಹೊಂದಿಸಿದ. ಬಾಲುಸ್ವಾಮಿ ದೀಕ್ಷಿತರು ಹುಟ್ಟಿದ್ದು 1786ರಲ್ಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ, ಪಾಶ್ಚಾತ್ಯರ ವಯಲಿನ್ ಕಲಿತು ನಮ್ಮ ಸಂಗೀತಕ್ಕೆ ತಂದವರು. ಅವರು ತೊಟ್ಟಿಲಲ್ಲಿದ್ದ ಹೊತ್ತಿಗೆ ಆ ಕಡೆ ಇದು ನಡೆಯುತ್ತಿತ್ತು. ನನಗೆ ಇಂಥವನ್ನು ಲೆಕ್ಕ ಹಾಕುವುದು ಒಂದು ಚಟ.

ಮಕ್ಕಳು ನುಡಿಸಿದ್ದು ಐದನೆಯ ಮಾತು, "ನನಗೆ ಬಾಯಾರಿಕೆ". ಅದೂ ಮೊದಲ ಭಾಗ ಮಾತ್ರ. ಶುರುವಿನಲ್ಲಿ ಕಮಾನಿಲ್ಲದೆ ಬೆರಳಿನಿಂದ ತಂತಿ ಮೀಟುವುದು ಬರುತ್ತದೆ. ಹನಿ, ಹನಿ. ಅದರ ಮೇಲೆ ಒಂದು ದನಿ ನಿಧಾನವಾಗಿ ಇಳಿಯುತ್ತದೆ. ಹೊರಗೆ ಮೇ ತಿಂಗಳು, ಒಳಗೆ ಬೆಂಚುಗಳಲ್ಲಿ ಕೂತವರೆಲ್ಲ ಬೀಸಣಿಗೆ ಬೀಸುತ್ತಿದ್ದರು. ಮೀಟುವ ಸದ್ದು ಶುರುವಾದಾಗ ಬೀಸಣಿಗೆಗಳು ನಿಂತವು. ವಯೊಲಾ ಹುಡುಗಿ ಕಾಗದ ನೋಡಲಿಲ್ಲ. ಮೊದಲ ವಯಲಿನ್‌ನವಳ ಮೂಗನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನನ್ನ ಶಿಷ್ಯನೊಬ್ಬ ಪಾಠಕ್ಕೆ ಬಂದ. ಮೋಹನ ರಾಗ ನುಡಿಸುತ್ತಿದ್ದ. ನಾನು ಎದುರು ಕೂತು ಮಂದ್ರ ಷಡ್ಜವೊಂದನ್ನೇ ಹಿಡಿದೆ, ಹತ್ತು ನಿಮಿಷ. ಅವನು ನಿಲ್ಲಿಸಿ ಕೇಳಿದ, "ಮಾಷ್ಟ್ರೇ, ನೀವು ನುಡಿಸುವುದಿಲ್ವಾ?"

"ನುಡಿಸ್ತಾ ಇದ್ದೇನಲ್ಲ ಮಾರಾಯ" ಅಂದೆ.

ನಮಸ್ಕಾರ.